ಮೂರು ಬೆರಳಿನ ಬಾಯಿ

ಚಿಕ್ಕಲಸಂದ್ರದ ಬೈರಣ್ಣನ ಮನೆಯಲ್ಲಿ ಸಾರಿನ ಖಾರ ಇಳಿಯತೊಡಗಿದ್ದು ಹೋದ ವರ್ಷದ ಯುಗಾದಿ ಕಳೆದ ಮೇಲೆ. ಮೊದಲು ಬಸ್ಸಾರು ಸಪ್ಪೆಯಾಯಿತು. ಆಮೇಲೆ ಹುರುಳಿಕಾಳಿನ ಸಾರು. ಪಿತೃಪಕ್ಷದ ಹೊತ್ತಿಗೆ ಮಟನ್ ಸಾರು ಕೂಡ ಹಸುಗೂಸಿಗೆ ಕುಡಿಸಬಹುದಾದಷ್ಟು ಸಾಧುವಾಗಿಬಿಟ್ಟಿತು.

ಬೈರಣ್ಣ ಅರವತ್ತೆಂಟರ ಮನುಷ್ಯ. ಈಗ ಮೂರಂತಸ್ತಿನ ಕಟ್ಟಡ ನಿಂತಿರುವ ಜಾಗದಲ್ಲೇ ಒಂದು ಕಾಲಕ್ಕೆ ರಾಗಿ, ದಂಟಿನ ಸೊಪ್ಪು ಬೆಳೆದವನು. ಕೆಳಗಡೆ ಅವನೂ ಹೆಂಡತಿ ನಾರಾಯಣಮ್ಮನೂ ಇದ್ದರು, ನಡುವೆ ಬಾಡಿಗೆಯವರು, ಮೇಲೆ ಮಗ ರಘುವಿನ ಸಂಸಾರ. ಮಗನ ಮನೆಗೆ ಹೋಗಿ ಉಣ್ಣೋಣವೆಂದರೆ ಅಲ್ಲಿ ಸೊಸೆ ಎಲ್ಲರಿಗೂ ಓಟ್ಸ್ ಹಿಡಿಸಿದ್ದಳು. ನಾರಾಯಣಮ್ಮ ಮೊದಲೆಲ್ಲ ಮೆಣಸಿನಕಾಯಿ ಹುರಿಯಲು ಕೂತಳೆಂದರೆ ಬೀದಿಯ ಆಚೆ ಬದಿಯವರು ಸೀನುತ್ತ ಕಿಟಕಿ ಮುಚ್ಚುತ್ತಿದ್ದರು. ಅಂಥವಳು ಈಗ ಸಾರಿಗೆ ಅರ್ಧ ಮೆಣಸಿನಕಾಯಿ ಮುರಿದು ಹಾಕಿ, ಅದನ್ನೂ ಸೌಟಿನಿಂದ ಎತ್ತಿ ಬಿಸಾಡುತ್ತಿದ್ದಳು. ಯಾಕೆಂದು ಕೇಳಿದರೆ, ವಯಸ್ಸಾಯಿತು, ಇನ್ನೂ ಎಷ್ಟು ದಿನ ನಾಲಗೆಯ ಮಾತು ಕೇಳುವುದು ಎನ್ನುತ್ತಿದ್ದಳು.

ಖಾರದ ಹಿಂದೆಯೇ ಮುದ್ದೆಯೂ ಕೆಟ್ಟಿತು. ಮುದ್ದೆ ಅಗಿಯುವ ಪದಾರ್ಥವಲ್ಲ, ಮುರಿದು ಅದ್ದಿ ನುಂಗುವುದು. ನಾರಾಯಣಮ್ಮ ಮುರಿಯುತ್ತಿದ್ದ ತುತ್ತು ನಿಂಬೆಹಣ್ಣಿನ ಗಾತ್ರದಿಂದ ನೆಲ್ಲಿಕಾಯಿಗೆ, ನೆಲ್ಲಿಕಾಯಿಯಿಂದ ಕಡಲೆಕಾಳಿಗೆ ಇಳಿಯಿತು. ಒಂದು ಮುದ್ದೆ ಮುಗಿಸಲು ಗಂಟೆ ಹಿಡಿಯುತ್ತಿತ್ತು. ಕೊನೆಗೆ ಮುದ್ದೆಯನ್ನೇ ಬಿಟ್ಟು ಮೊಸರನ್ನ ಹಿಡಿದಳು. ಮಾತೂ ಕಡಿಮೆಯಾಯಿತು.

ಬೀದಿಯ ಹೆಂಗಸರು ಇದನ್ನೆಲ್ಲ ಗಮನಿಸಿ, ನಾರಾಯಣಮ್ಮ ಯಾವುದೋ ದೊಡ್ಡ ವ್ರತ ಹಿಡಿದಿದ್ದಾಳೆ ಎಂದು ತೀರ್ಮಾನಿಸಿದರು. ಯಾವ ದೇವರು, ಎಷ್ಟು ವಾರ ಎಂದು ವಿಚಾರಿಸಿಕೊಂಡು ಒಬ್ಬೊಬ್ಬರಾಗಿ ಬಂದರು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕಣ್ಣು ಕೆಳಗೆ ಮಾಡಿಕೊಂಡು ಸುಮ್ಮನೆ ಕೂರುತ್ತಿದ್ದಳು. ಅದು ಇನ್ನೂ ಹೆಚ್ಚಿನ ಭಕ್ತಿಯಂತೆ ಕಂಡು ಮೂವರು ಹೆಂಗಸರು ತಾವೂ ಖಾರ ಬಿಟ್ಟರು. ಅವರ ಗಂಡಂದಿರು ದಾರಿಯಲ್ಲಿ ಸಿಕ್ಕರೆ ಬೈರಣ್ಣನ ಕಡೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಬೈರಣ್ಣ ತನ್ನ ದಾರಿ ತಾನು ನೋಡಿಕೊಂಡ. ಅಂಗಿಯ ಜೇಬಿನಲ್ಲಿ ಸದಾ ಎರಡು ಹಸಿಮೆಣಸಿನಕಾಯಿ ಇಟ್ಟುಕೊಂಡ. ವಾರಕ್ಕೆ ಎರಡು ಸಲ ತಲಘಟ್ಟಪುರದ ಸೈಟು ನೋಡಿಬರುತ್ತೇನೆಂದು ಹೇಳಿ ಉತ್ತರಹಳ್ಳಿ ರಸ್ತೆಯ ಮಿಲಿಟರಿ ಹೋಟೆಲಿನಲ್ಲಿ ಉಂಡುಬರುತ್ತಿದ್ದ. ಆದರೆ ಒಂದು ಕೆಲಸ ಮಾತ್ರ ತಪ್ಪಿಸುತ್ತಿರಲಿಲ್ಲ. ಪ್ರತಿ ಸಂಜೆ ಹೆಂಡತಿಗೆ ವೀಳ್ಯದೆಲೆ, ಅಡಿಕೆ, ಒಂದು ಪೊಟ್ಟಣ ಕಡ್ಡಿಪುಡಿ ತಂದುಕೊಡುತ್ತಿದ್ದ. ಎಲ್ಲ ಬಿಟ್ಟರೂ ಅವಳು ಹೊಗೆಸೊಪ್ಪಿನ ಆ ಪುಡಿ ಬಿಟ್ಟಿರಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಹಲ್ಲುನೋವಿಗೆಂದು ಅತ್ತೆ ಅಭ್ಯಾಸ ಮಾಡಿಸಿದ್ದು. ಆ ಹಲ್ಲು ಬಿದ್ದುಹೋಗಿ ಮೂವತ್ತು ವರ್ಷವಾದರೂ ಔಷಧ ನಿಂತಿರಲಿಲ್ಲ. ಮಲಗುವಾಗಲೂ ಎಡಗೆನ್ನೆಯಲ್ಲಿ ಒಂದು ಉಂಡೆ ಇರಲೇಬೇಕು. ವ್ರತಕ್ಕೆ ಇದು ಅಡ್ಡಿಯಿಲ್ಲವೇ ಎಂದು ಬೈರಣ್ಣ ಒಮ್ಮೆ ಕೇಳಿದ್ದಕ್ಕೆ, ತಾಂಬೂಲ ದೇವರಿಗೇ ಇಡುತ್ತಾರೆ, ನನಗೇನು ಬಂತು ಎಂದಿದ್ದಳು.

ನಡುವಿನ ಮನೆಯಲ್ಲಿ ಚನ್ನಬಸವಯ್ಯ, ಜಯದೇವಿ ಎಂಬ ದಂಪತಿಗಳಿದ್ದರು. ಗದಗದ ಕಡೆಯವರು. ಅವರ ಮಗಳು ಲಿಖಿತಾ ಹಲ್ಲಿನ ಡಾಕ್ಟರಿಕೆ ಓದುತ್ತಿದ್ದಳು. ಕೊನೆಯ ವರ್ಷದ ಪರೀಕ್ಷೆ ಪಾಸಾದ ಖುಷಿಗೆ ಅವಳು ಒಂದು ಭಾನುವಾರ ಸಂಜೆ ಪಾನಿಪುರಿ ಗಾಡಿಯವನನ್ನೇ ಕಾಂಪೌಂಡಿನೊಳಗೆ ಕರೆಸಿ, ಕಟ್ಟಡದವರೆಲ್ಲ ತಿನ್ನಬಹುದು ಎಂದು ಸಾರಿದಳು. ನಾರಾಯಣಮ್ಮ ಬರುವುದಿಲ್ಲವೆಂದು ಎರಡು ಸಲ ಹೇಳಿ ಕಳಿಸಿದಳು. ಮೂರನೆಯ ಸಲ ಹುಡುಗಿಯೇ ಕೈಹಿಡಿದು ಎಳೆದುಕೊಂಡು ಬಂದಳು. ಖಾರವಿಲ್ಲದ್ದು ಒಂದೇ ಒಂದು, ಬರೀ ಸಿಹಿನೀರಿನದು ಎಂದು ಗಾಡಿಯವನಿಂದ ಮಾಡಿಸಿ ಕೈಗಿತ್ತಳು.

ಎಲ್ಲರೂ ನೋಡುತ್ತಿದ್ದರು. ನಾರಾಯಣಮ್ಮ ಪೂರಿಯನ್ನು ಬಾಯಿಯ ಹತ್ತಿರ ತಂದಳು. ಅದು ಒಳಗೆ ಹೋಗಲಿಲ್ಲ. ಸ್ವಲ್ಪ ಓರೆ ಮಾಡಿದಳು, ಆಗಲೂ ಹೋಗಲಿಲ್ಲ. ಒತ್ತಿದಳು. ಪೂರಿ ಪಟ್ಟೆಂದು ಒಡೆದು ಸಿಹಿನೀರೆಲ್ಲ ಸೀರೆಯ ಮೇಲೆ, ಆಲೂಗಡ್ಡೆ ಬೈರಣ್ಣನ ಚಪ್ಪಲಿಯ ಮೇಲೆ ಬಿತ್ತು. ಗಾಡಿಯವನು ತನ್ನದೇ ತಪ್ಪೆಂಬಂತೆ, ಇನ್ನೂ ಚಿಕ್ಕ ಪೂರಿ ಹುಡುಕಿಕೊಡುತ್ತೇನೆ ಅಮ್ಮ ಎಂದು ಡಬ್ಬಿಯೊಳಗೆ ಕೈಹಾಕಿ ತಡಕಾಡತೊಡಗಿದ.

ಲಿಖಿತಾ ಮಾತ್ರ ನಗಲಿಲ್ಲ.

“ಅಜ್ಜಿ, ಮೂರು ಬೆರಳು ನಿಲ್ಲಿಸಿ ಬಾಯಲ್ಲಿ ಇಟ್ಕೊಳ್ಳಿ ನೋಡಣ,” ಎಂದಳು. “ಒಂದರ ಮೇಲೊಂದು, ಹಿಂಗೆ.”

ಮೊದಲು ತಾನು ಇಟ್ಟು ತೋರಿಸಿದಳು. ಆಟವೆಂದುಕೊಂಡು ಎಲ್ಲರೂ ಶುರು ಮಾಡಿದರು. ಬೈರಣ್ಣನಿಗೆ ಮೂರು ಸಲೀಸಾಗಿ ಹಿಡಿದವು. ಚನ್ನಬಸವಯ್ಯ ನಾಲ್ಕು ಇಟ್ಟು, ಅದೇ ಸ್ಥಿತಿಯಲ್ಲಿ ಸುತ್ತಲೂ ತಿರುಗಿ ಎಲ್ಲರಿಗೂ ದರ್ಶನ ಕೊಟ್ಟರು. ನಾರಾಯಣಮ್ಮನಿಗೆ ಒಂದು ಬೆರಳು ಹೋಯಿತು, ಎರಡನೆಯದು ಉಗುರಿನವರೆಗೆ ಹೋಗಿ ನಿಂತಿತು.

“ನಮ್ಮ ಮನೆತನದೋರ ಬಾಯೇ ಚಿಕ್ಕದು,” ಎಂದು ಅವಳು ಸೆರಗಿನಿಂದ ತುಟಿ ಒರೆಸಿಕೊಂಡು ಒಳಗೆ ಹೋಗಿಬಿಟ್ಟಳು.

ಆ ಬಾಯಿಯೊಂದಿಗೆ ನಲವತ್ತಮೂರು ವರ್ಷ ಬಾಳಿದ್ದ ಬೈರಣ್ಣನಿಗೆ ಅದು ಚಿಕ್ಕದಲ್ಲವೆಂದು ಚೆನ್ನಾಗಿ ಗೊತ್ತಿತ್ತು. ಹಿಂದೆ ಅವಳು ಸುಬ್ರಹ್ಮಣ್ಯಪುರದ ದಾರಿಯಲ್ಲಿ ನಿಂತು ಕೂಗಿದರೆ ಹೊಲದ ಆ ತುದಿಯಲ್ಲಿದ್ದ ಎತ್ತು ತಲೆಯೆತ್ತುತ್ತಿತ್ತು. ಅವನು ಲಿಖಿತಾಳನ್ನು ಪಕ್ಕಕ್ಕೆ ಕರೆದು ಏನು ವಿಷಯವೆಂದು ಕೇಳಿದ. ಅವಳು ಮೆಲ್ಲಗೆ ಹೇಳಿದಳು: ಅಡಿಕೆ ಅಗಿಯುವವರಿಗೆ ಹೀಗಾಗುತ್ತದೆ, ಕೆನ್ನೆಯ ಒಳಗಿನ ಚರ್ಮ ಗಟ್ಟಿಯಾಗಿ ನಾರಿನಂತೆ ಎಳೆದುಕೊಳ್ಳುತ್ತದೆ, ಬಾಯಿ ತೆರೆಯುವುದಿಲ್ಲ, ಖಾರ ತಗಲಿದರೆ ಉರಿಯುತ್ತದೆ. ಜೊತೆಗೆ ಹೊಗೆಸೊಪ್ಪೂ ಇದ್ದರೆ ಕ್ಯಾನ್ಸರ್ ಆಗುವ ಭಯ ಹೆಚ್ಚು. ಆದಷ್ಟು ಬೇಗ ತೋರಿಸಬೇಕು.

ಬೈರಣ್ಣನಿಗೆ ಒಂದು ವರ್ಷದ ಸಪ್ಪೆ ಸಾರು, ಕಡಲೆಕಾಳಿನಂಥ ತುತ್ತು, ಮೌನ, ಎಲ್ಲಕ್ಕೂ ಅರ್ಥ ಸಿಕ್ಕಿತು. ಹೆಂಡತಿ ಉರಿ ತಡೆಯಲಾರದೆ ಉಪವಾಸವಿದ್ದರೆ ತಾನು ಮಿಲಿಟರಿ ಹೋಟೆಲಿನಲ್ಲಿ ಕಾಲುಸೂಪು ಹೀರುತ್ತಿದ್ದೆನಲ್ಲ ಎಂದು ಅವನಿಗೆ ಬಹಳ ಕೆಡುಕೆನಿಸಿತು.

ಆದರೆ ನಾರಾಯಣಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಹೇಗೆ? ಹೆರಿಗೆ ಬಿಟ್ಟರೆ ಬೇರಾವುದಕ್ಕೂ ಅವಳು ಆಸ್ಪತ್ರೆ ಮೆಟ್ಟಿಲು ಹತ್ತಿದವಳಲ್ಲ. ಎರಡು ದಿನ ಹೇಳಿ ನೋಡಿದ. ಮೂರನೆಯ ದಿನ ಬೇರೆ ಉಪಾಯ ಮಾಡಿದ. ಬೆಳಗ್ಗೆ ಎದ್ದವನೇ ಕೆನ್ನೆ ಹಿಡಿದು ಕೂತು, ಹಲ್ಲುನೋವು ತಡೆಯಲಾಗುತ್ತಿಲ್ಲ, ಲಿಖಿತಾಳ ಕಾಲೇಜಿನ ಆಸ್ಪತ್ರೆಗೆ ಹೋಗಬೇಕು, ಒಬ್ಬನೇ ಹೋಗಲು ಹೆದರಿಕೆ ಎಂದು ನರಳಿದ. ಗಂಡನ ಹೆದರಿಕೆಯಲ್ಲಿ ನಾರಾಯಣಮ್ಮನಿಗೆ ಪೂರ್ತಿ ನಂಬಿಕೆಯಿತ್ತು. ಸೀರೆ ಬದಲಾಯಿಸಿಕೊಂಡು, ಎಲೆಅಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಬನಶಂಕರಿಯ ಆ ಕಾಲೇಜಿನಲ್ಲಿ ಡಾಕ್ಟರ್ ಉಮಾಶ್ರೀ ಎಂಬ ಐವತ್ತರ ಹೆಂಗಸು ಇವರನ್ನು ನೋಡಿದರು. ಲಿಖಿತಾ ಅವರಿಗೆ ಮೊದಲೇ ಎಲ್ಲ ಹೇಳಿಟ್ಟಿದ್ದಳು. ಬೈರಣ್ಣನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಫಾರಂ ಹಿಡಿದು, ಬೀಡಿ ಸಿಗರೇಟು ಉಂಟೋ ಎಂದು ಕೇಳಿದರು. ಯಾವಾಗಲೋ ಒಂದು ಎಂದ ಬೈರಣ್ಣ.

ನಾರಾಯಣಮ್ಮ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಬಾಯಿ ಅಷ್ಟಾಗಿ ತೆರೆಯದಿದ್ದರೂ ಅವಳ ಮಾತು ಸ್ಪಷ್ಟವಾಗಿತ್ತು. ದಿನಕ್ಕೆ ಒಂದು ಕಟ್ಟು ಬೀಡಿ, ಅರ್ಧ ಟೆರೇಸಿನ ಮೇಲೆ, ಅರ್ಧ ಬಚ್ಚಲಿನಲ್ಲಿ ಎಂದಳು. ಡಾಕ್ಟರು ಕುಡಿತದ ವಿಷಯ ಕೇಳುವ ಮೊದಲೇ ಅದಕ್ಕೂ ಉತ್ತರ ಬಂತು: ಹಬ್ಬಕ್ಕೊಂದು ಸಲ ಅಂತಾರೆ, ಆದರೆ ತಲಘಟ್ಟಪುರದಲ್ಲಿರುವ ನನ್ನ ತಮ್ಮ ದಾಸಪ್ಪನ ಮನೆಯಲ್ಲಿ ವಾರಕ್ಕೊಂದು ಹಬ್ಬ. ಮಿಲಿಟರಿ ಹೋಟೆಲಿನ ಸಂಗತಿಯೂ ಹೊರಗೆ ಬಿತ್ತು. ಯಾವ ದಿನ, ಏನು ತಿಂದರು, ಯಾರ ಜೊತೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಅದು ಫಾರಂನಲ್ಲಿ ಇಲ್ಲ ಅಜ್ಜಿ ಎಂದು ಲಿಖಿತಾ ಹೇಳಿದರೂ, ಇರಲಿ, ಬರ್ಕೋ ಎಂದಳು.

ಬೀಡಿ ಒಂದು ಕೆಟ್ಟದ್ದು, ಹೆಂಡ ಇನ್ನೊಂದು ಕೆಟ್ಟದ್ದು, ಎರಡೂ ಸೇರಿದರೆ ಬಾಯಿಗೂ ಗಂಟಲಿಗೂ ಕೇಡು ಹತ್ತುಪಟ್ಟು ಜಾಸ್ತಿ ಎಂದರು ಡಾಕ್ಟರು. ಆಮೇಲೆ ದೀಪ ಹಿಡಿದು ಅವನ ಬಾಯನ್ನು ಮೂಲೆಮೂಲೆ ನೋಡಿದರು. ಗಾಯ, ಕಲೆ ಯಾವುದೂ ಇರಲಿಲ್ಲ. ಆದರೆ ನಿಜವಾಗಿಯೂ ಒಂದು ದವಡೆ ಹಲ್ಲು ಮುರಿದು ಚೂಪಾಗಿ ನಾಲಗೆಗೆ ಉಜ್ಜುತ್ತಿತ್ತು, ಬೇರಿನವರೆಗೆ ಹುಳುಕಾಗಿತ್ತು. ಹಾಗೆ ಉಜ್ಜಿ ಉಜ್ಜಿ ಹುಣ್ಣಾಗುವುದು ಒಳ್ಳೆಯದಲ್ಲ, ಕಿತ್ತುಬಿಡೋಣ ಎಂದರು. ನೋವೇ ಇಲ್ಲವೆಂದು ಹೇಳಿದರೆ ಹೆಂಡತಿಯೆದುರು ಬಣ್ಣ ಬಯಲಾಗುತ್ತದೆ. ಬೈರಣ್ಣ ಕಣ್ಣು ಮುಚ್ಚಿಕೊಂಡ. ಕಾಲು ಗಂಟೆಯಲ್ಲಿ ಹಲ್ಲು ತಟ್ಟೆಗೆ ಬಿತ್ತು. ಬಾಯಿ ತುಂಬ ಹತ್ತಿ ಕಚ್ಚಿಕೊಂಡು, ಹೆಂಡತಿಗೋಸ್ಕರ ಇಷ್ಟಾದರೂ ಮಾಡಿದೆನಲ್ಲ ಎಂದು ಸಮಾಧಾನಪಟ್ಟ.

“ಅಮ್ಮ, ಬಂದಿದ್ದೀರಲ್ಲ, ನಿಮ್ಮದೂ ಒಂದ್ಸಲ ನೋಡಿಬಿಡ್ತೀನಿ,” ಎಂದರು ಡಾಕ್ಟರು.

“ನಂಗೇನೂ ಇಲ್ಲ ಡಾಕ್ಟ್ರಮ್ಮ. ನಾನು ಬೀಡಿ ಸೇದೋಳಲ್ಲ, ಕುಡಿಯೋಳಲ್ಲ. ಎಲೆಅಡಿಕೆ ಹಾಕ್ಕೊತೀನಿ. ಅದು ದೇವರ ಮುಂದೆ ಇಡೋ ವಸ್ತು.”

“ಇಡ್ತೀವಿ, ನಿಜ. ಆದ್ರೆ ದೇವರು ಅದನ್ನ ಅಗಿಯಲ್ಲ ಕಣಮ್ಮ. ಕೆನ್ನೇಲಿ ಇಟ್ಕೊಂಡು ಮಲಗೋದೂ ಇಲ್ಲ.”

ನಾರಾಯಣಮ್ಮನಿಗೆ ನಗು ಬಂತು. ನಗಲು ಹೋದಳು. ಕೆನ್ನೆ ಎಳೆದು ಹಿಡಿದುಕೊಂಡಿತು. ನಗು ಅರ್ಧಕ್ಕೆ ನಿಂತು, ಕಣ್ಣಲ್ಲಿ ನೀರು ತುಂಬಿತು.

“ನೆಟ್ಟಗೆ ನಗಕ್ಕೂ ಆಗಲ್ಲ ಡಾಕ್ಟ್ರಮ್ಮ,” ಎಂದಳು. “ಒಂದು ವರ್ಷ ಆಯ್ತು. ಸಾರು ತಗಲಿದ್ರೆ ಕೆಂಡ ಇಟ್ಟಂಗಾಗತ್ತೆ. ವ್ರತ ಅಂತ ಜನ ಅಂದ್ರು, ನಾನೂ ಸುಮ್ನಾದೆ. ಯಾರಿಗಾದ್ರೂ ತೋರಿಸಿದ್ರೆ ಏನು ಹೇಳ್ಬಿಡ್ತಾರೋ ಅಂತ ಭಯ.”

ಬೈರಣ್ಣ ಏನೋ ಹೇಳಲು ಬಾಯಿ ತೆರೆಯಹೋದ. ಹತ್ತಿ ಉಗಿಯಬೇಡಿ ಎಂದು ಲಿಖಿತಾ ಗದರಿದಳು.

ನಾರಾಯಣಮ್ಮ ತಾನಾಗಿಯೇ ಎದ್ದು ಕುರ್ಚಿಗೆ ಹತ್ತಿದಳು. ಎಡಗೆನ್ನೆಯ ಒಳಗೆ, ಉಂಡೆ ಇಡುವ ಜಾಗದಲ್ಲೇ, ಹೆಬ್ಬೆರಳ ಉಗುರಿನಷ್ಟು ಬಿಳಿ ಕೆಂಪು ಬೆರೆತ ಮಚ್ಚೆಯಿತ್ತು. ಅಲ್ಲಿಂದ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಗೆ ಒಂದು ವಾರ ಎಂದರು. ಅವಳು ಸೊಂಟದಿಂದ ಚೀಲ ಬಿಚ್ಚಿ ಮೇಜಿನ ಮೇಲಿಟ್ಟು ಬಂದಳು.

ಆ ವಾರ ಬೈರಣ್ಣನಿಗೆ ಉದ್ದವಾಯಿತು. ಮರುದಿನ ಸಂಜೆ ಅಭ್ಯಾಸಬಲದಿಂದ ಕಾಲುಗಳು ಅಂಗಡಿಯ ಕಡೆಗೇ ನಡೆದವು. ಅಂಗಡಿಯವನು ಕೇಳದೆಯೇ ಎಲೆ, ಅಡಿಕೆ, ಪೊಟ್ಟಣ ಎತ್ತಿ ಕೈಗಿಟ್ಟ. ಬೈರಣ್ಣ ಅದನ್ನು ಹಿಡಿದುಕೊಂಡು ರಸ್ತೆಬದಿಯಲ್ಲಿ ಬಹಳ ಹೊತ್ತು ನಿಂತ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ, ಜ್ವರ ಬಂದಾಗಲೂ ಮಳೆ ಬಂದಾಗಲೂ ತಪ್ಪಿಸದೆ ಪ್ರೀತಿಯಿಂದ ತಂದುಕೊಟ್ಟದ್ದು ಇದನ್ನೇ. ಸೀರೆ ತರಲು ಮರೆತಿದ್ದ, ಮದುವೆಯಾದ ದಿನ ಮರೆತಿದ್ದ, ಇದನ್ನು ಮರೆತಿರಲಿಲ್ಲ. ಎಲೆಯನ್ನು ದಾರಿಯ ಹಸುವಿಗೆ ತಿನ್ನಿಸಿ, ಅಡಿಕೆಯನ್ನೂ ಪೊಟ್ಟಣವನ್ನೂ ಕಸದ ಗಾಡಿಗೆ ಹಾಕಿದ. ಜೇಬಿನಲ್ಲಿದ್ದ ಬೀಡಿ ಕಟ್ಟನ್ನೂ ಹಾಕಿದ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದ. ಗಾಡಿ ಹೋಗಿಬಿಟ್ಟಿತ್ತು. ಒಳ್ಳೆಯದೇ ಆಯಿತು ಎಂದುಕೊಂಡ.

ಮನೆಯಲ್ಲಿ ನಾರಾಯಣಮ್ಮ ಬೀದಿಯ ಹೆಂಗಸರನ್ನು ಕರೆದು ಕೂರಿಸಿ, ವ್ರತ ಗಿತ ಏನೂ ಇರಲಿಲ್ಲ, ಬಾಯಿ ಉರಿಯೇ ಕಾರಣ ಎಂದು ನೇರವಾಗಿ ಹೇಳಿದಳು. ಖಾರ ಬಿಟ್ಟಿದ್ದವರಲ್ಲಿ ಇಬ್ಬರು ಮೆಣಸಿನಕಾಯಿ ಹುರಿಯಲು ನೇರ ಮನೆಗೆ ಹೊರಟರು. ಹದಿನಾಲ್ಕು ವಾರ ಮಾಡಿ ಮುಗಿಸಿದ್ದ ಒಬ್ಬಳು ಮಾತ್ರ, ನನ್ನ ಮಗನಿಗೆ ಹೆಣ್ಣು ಸಿಕ್ಕಿದ್ದು ಹಾಗಾದರೆ ಹೇಗೆ ಎಂದು ವಾದಕ್ಕೆ ನಿಂತಳು.

ವರದಿ ಬಂದ ದಿನ ಡಾಕ್ಟರು ಇಬ್ಬರನ್ನೂ ಕೂರಿಸಿ, ಕ್ಯಾನ್ಸರ್ ಅಲ್ಲ, ಆದರೆ ಅದು ಆಗುವ ದಾರಿಯಲ್ಲಿತ್ತು, ಮಚ್ಚೆಯನ್ನು ಪೂರ್ತಿ ತೆಗೆಯಬೇಕು ಎಂದರು. ಇನ್ನೊಂದು ವರ್ಷ ಬಿಟ್ಟಿದ್ದರೆ ಮಾತೇ ಬೇರೆಯಿತ್ತು. ಬೈರಣ್ಣ ಬಗ್ಗಿ ಡಾಕ್ಟರ ಕಾಲು ಮುಟ್ಟಲು ಹೋಗಿ ಮೇಜಿಗೆ ತಲೆ ಬಡಿಸಿಕೊಂಡ. ಆಪರೇಷನ್ ಚೆನ್ನಾಗಿ ಆಯಿತು. ಮೂರನೆಯ ದಿನ ಮನೆಗೆ ಬಂದರು.

ಬಾಯಿ ತೆರೆಸುವ ಕೆಲಸ ಬಾಕಿಯಿತ್ತು. ಗಾಯ ಮಾಗಿದ ಮೇಲೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳಬೇಕು, ದಿನಕ್ಕೆ ಐದು ಸಲ, ವಾರ ಕಳೆದಂತೆ ಒಂದೊಂದೇ ಕಡ್ಡಿ ಸೇರಿಸುತ್ತ ಹೋಗಬೇಕು ಎಂದಿದ್ದರು. ಕಡ್ಡಿ ಹೊಂದಿಸುವ ಹೊಣೆ ಬೈರಣ್ಣ ಹೊತ್ತ. ಬೀಡಿ ಬಿಟ್ಟ ಬಾಯಿಗೆ ಏನಾದರೂ ಬೇಕಾಗಿಯೂ ಇತ್ತು. ದಿನಾ ಮಧ್ಯಾಹ್ನ ಬೇಕರಿಯ ಮುಂದೆ ನಿಂತು ಶ್ರದ್ಧೆಯಿಂದ ಎರಡು ಐಸ್‌ಕ್ರೀಮ್ ತಿಂದು, ಕಡ್ಡಿ ತೊಳೆದು ಮನೆಗೆ ತರುತ್ತಿದ್ದ. ಇಪ್ಪತ್ತು ಕಡ್ಡಿಯಾಗುವಷ್ಟರಲ್ಲಿ ಅವನ ಶುಗರು ಮುನ್ನೂರು ದಾಟಿತು. ಕಡ್ಡಿಗಳು ಜಯನಗರದ ಸ್ಟೇಷನರಿ ಅಂಗಡಿಯಲ್ಲಿ ಕಟ್ಟುಗಟ್ಟಲೆ ಸಿಗುತ್ತವೆ ತಾತ ಎಂದು ಲಿಖಿತಾ ಹೇಳಿದಾಗ ಅವನ ಮುಖ ನೋಡಿದ ನಾರಾಯಣಮ್ಮನಿಗೆ, ಇದು ಅವನಿಗೆ ಮೊದಲೇ ಗೊತ್ತಿತ್ತೆಂದು ಖಾತ್ರಿಯಾಯಿತು.

ಹೊಗೆಸೊಪ್ಪು ಬಿಟ್ಟ ಮೊದಲ ತಿಂಗಳು ಕಟ್ಟಡಕ್ಕೆ ಕಷ್ಟಕಾಲ. ನಾರಾಯಣಮ್ಮ ನೀರಿನ ಟ್ಯಾಂಕರಿನವನೊಂದಿಗೆ ಜಗಳವಾಡಿದಳು, ಪಾರ್ಸೆಲ್ ತರುವವರೊಂದಿಗೆ ಜಗಳವಾಡಿದಳು, ಚನ್ನಬಸವಯ್ಯ ಸ್ಕೂಟರ್ ನಿಲ್ಲಿಸುವ ಕೋನ ಸರಿಯಿಲ್ಲವೆಂದು ಸುಣ್ಣದಲ್ಲಿ ಗೆರೆ ಎಳೆದಳು. ಕಡ್ಡಿ ಬಾಯಲ್ಲಿ ಇಟ್ಟುಕೊಂಡಿರುವ ಹೊತ್ತು ಮಾತ್ರ ಎಲ್ಲರಿಗೂ ನೆಮ್ಮದಿ. ಐದು ಸಲ ಸಾಲದು, ಹತ್ತು ಸಲ ಇಡಲು ಡಾಕ್ಟರಿಗೆ ಹೇಳಿ ಎಂದು ಜಯದೇವಿ ಮಗಳ ಹತ್ತಿರ ಗುಟ್ಟಾಗಿ ಕೇಳಿಕೊಂಡಳು.

ನಾಲ್ಕು ತಿಂಗಳಲ್ಲಿ ಎರಡು ಬೆರಳು ನಿರಾಳವಾಗಿ ಹಿಡಿಯುವಷ್ಟಾಯಿತು. ಆ ದಿನಗಳಲ್ಲೇ ಒಂದು ಬೆಳಗ್ಗೆ ಅವಳ ತಮ್ಮ ದಾಸಪ್ಪ ಮೊಮ್ಮಗಳ ಹೆಸರಿಡುವ ಕಾರ್ಯಕ್ಕೆ ಕರೆಯಲು ಫೋನ್ ಮಾಡಿದ. ನಾರಾಯಣಮ್ಮ ಧ್ವನಿ ಗುರುತಿಸಲಾರದೆ ಯಾರೋ ಸಾಲ ಕೊಡುವ ಕಂಪನಿಯವರೆಂದು ಬೈದು ಇಟ್ಟಳು. ಎರಡನೆಯ ಸಲ ಫೋನ್ ಬಂದಾಗ ಬೈರಣ್ಣ ಎತ್ತಿದ. ದಾಸಪ್ಪನ ಗಂಟಲು ಗರಗಸ ಎಳೆದಂತೆ ಕೇಳುತ್ತಿತ್ತು. ಎಷ್ಟು ದಿನದಿಂದ ಹೀಗೆ ಎಂದರೆ, ಭಜನೆ ಮಂಡಳಿಯಲ್ಲಿ ಹಾಡಿ ಹಾಡಿ ಹೀಗಾಗಿದೆ, ಎರಡು ತಿಂಗಳಾಯಿತು, ಬಿಸಿನೀರು ಕುಡಿಯುತ್ತಿದ್ದೇನೆ ಎಂದ.

ನಾರಾಯಣಮ್ಮ ಫೋನ್ ಕಸಿದುಕೊಂಡಳು.

“ದಾಸ, ನೀನು ಭಜನೇಲಿ ತಾಳ ಹಾಕೋನು. ಹಾಡೋನಲ್ಲ,” ಎಂದಳು. “ಅಂಗಿ ಹಾಕ್ಕೊಂಡು ಕೂತಿರು. ಬರ್ತಾ ಇದೀನಿ.”

ಮೂರು ವಾರಕ್ಕಿಂತ ಹೆಚ್ಚು ಧ್ವನಿ ಒಡೆದಿದ್ದರೆ ಸುಮ್ಮನಿರಬಾರದೆಂದು ಉಮಾಶ್ರೀ ಹೇಳಿದ್ದು ಅವಳಿಗೆ ನೆನಪಿತ್ತು. ದಾಸಪ್ಪನ ಬೀಡಿಯ ಲೆಕ್ಕವೂ ಅವಳ ಬಳಿ ಪೂರ್ತಿ ಇತ್ತು. ಗಂಡ ಹೆಂಡತಿ ಆಟೋ ಹಿಡಿದು ತಲಘಟ್ಟಪುರಕ್ಕೆ ಹೋದರು. ದಾಸಪ್ಪ ಹಿತ್ತಲಿನ ಬಾಗಿಲಿನಿಂದ ತೋಟದ ಕಡೆ ಹೊರಟಿದ್ದ. ಬೈರಣ್ಣ ಆ ಬಾಗಿಲಿನಲ್ಲೇ ಕಾದಿದ್ದ. ನಾರಾಯಣಮ್ಮ ಅಲ್ಲಿ ನಿಲ್ಲಲು ಹೇಳಿ ಕಳಿಸಿದ್ದಳು. ಆಟೋದಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು, ಮೊದಲು ಉಮಾಶ್ರೀಯವರಿಗೆ ತೋರಿಸಿ, ಅವರು ಬರೆದುಕೊಟ್ಟ ಕಿವಿ ಮೂಗು ಗಂಟಲಿನ ಡಾಕ್ಟರ ಬಳಿಗೆ ಒಯ್ದರು. ಮೂಗಿನಿಂದ ಸಣ್ಣ ಕೊಳವೆ ಇಳಿಸಿ ನೋಡಿದರು. ಧ್ವನಿಪೆಟ್ಟಿಗೆಯಲ್ಲಿ ಒಂದು ಗಂಟು ಎದ್ದಿತ್ತು. ಪರೀಕ್ಷೆಯಲ್ಲಿ ಅದು ಕ್ಯಾನ್ಸರ್ ಎಂದೇ ಬಂತು, ಆದರೆ ಶುರುವಿನ ಹಂತ; ರೇಡಿಯೇಷನ್ ಕೊಟ್ಟರೆ ವಾಸಿಯಾಗುವ ಸಂಭವ ಬಹಳ ಎಂದರು.

ಆರು ವಾರ, ವಾರಕ್ಕೆ ಐದು ದಿನ, ಬೈರಣ್ಣ ಬಾಮೈದನನ್ನು ಆಸ್ಪತ್ರೆಗೆ ಕರೆದೊಯ್ದು ಕರೆತಂದ. ಇಬ್ಬರೂ ಬೀಡಿ ಬಿಟ್ಟವರು, ಇಬ್ಬರಿಗೂ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಕಾಯುವ ಹೊತ್ತಿನಲ್ಲಿ ಹಳೆಯ ಹುಲಿ-ಕುರಿ ಕಾಯಿಯಾಟ ಹುಲಿಕಲ್ಲನ್ನು ಮತ್ತೆ ಶುರು ಮಾಡಿದರು. ದಾಸಪ್ಪನ ಧ್ವನಿ ನಡುವೆ ಪೂರ್ತಿ ಹೋಗಿ, ಅವನು ಸೋತಾಗಲೂ ವಾದಿಸಲಾಗದೆ ಕೈ ಮಾತ್ರ ಅಲ್ಲಾಡಿಸುತ್ತಿದ್ದ. ಆ ಒಂದೂವರೆ ತಿಂಗಳಲ್ಲಿ ಬೈರಣ್ಣ ಗೆದ್ದಷ್ಟು ಆಟ ಜೀವಮಾನದಲ್ಲೇ ಗೆದ್ದಿರಲಿಲ್ಲ.

ಚಿಕಿತ್ಸೆ ಮುಗಿದ ಎರಡು ತಿಂಗಳಿಗೆ ಒಂದು ಭಾನುವಾರ ದಾಸಪ್ಪ ಅಕ್ಕನ ಮನೆಗೆ ಬಂದ. ಗಂಟಲು ಸ್ವಲ್ಪ ದಪ್ಪವಾಗಿದ್ದರೂ ಧ್ವನಿ ಮರಳಿತ್ತು. ಬಂದವನೇ, ಭಜನೆ ಮಂಡಳಿಯವರೆದುರು ನನ್ನನ್ನು ಹಾಡುವವನಲ್ಲ ಎಂದು ಹೇಳಿಕೊಂಡು ಬಂದೆಯಂತೆ, ನಿನಗೇನು ಗೊತ್ತು ಅಕ್ಕ ಎಂದು ಜಗಳಕ್ಕೆ ಶುರುವಿಟ್ಟ. ನಾರಾಯಣಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬಂದು ಉತ್ತರ ಕೊಟ್ಟಳು. ಇಬ್ಬರ ದನಿಯೂ ಮೇಲಿನ ಮಹಡಿಯವರೆಗೆ ಕೇಳಿ, ರಘು ಇಣುಕಿ ನೋಡಿ ಒಳಗೆ ಹೋದ. ನಡುವೆ ಹೋಗಿ ಬಿಡಿಸುವುದೇ ಎಂದು ಜಯದೇವಿ ಮಹಡಿಯಿಂದ ಕೇಳಿದಳು.

ಬೇಡ ಎಂದು ಬೈರಣ್ಣ ಕೈಸನ್ನೆ ಮಾಡಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತ.